ಎರಡು ಕೋಲು ದೂರ

ಗಾಳದ ಕೋಲು ಎಷ್ಟುದ್ದ ಇರಬೇಕು ಅಂತ ನಾನು ತಲೆ ಕೆಡಿಸಿಕೊಂಡಷ್ಟು ನನ್ನ ಮದುವೆಯ ಬಗ್ಗೆಯೂ ಕೆಡಿಸಿಕೊಂಡಿರಲಿಲ್ಲ. ಹೆಣ್ಣನ್ನು ನಮ್ಮಪ್ಪ ನೋಡಿ ಒಪ್ಪಿ ಬಂದಿದ್ದರು. ನಾನು ಹೋಗಿ ತಾಳಿ ಕಟ್ಟಿದೆ ಅಷ್ಟೆ. ಕೋಲನ್ನು ಮಾತ್ರ ನಾನೇ ನೋಡಿ, ನಾನೇ ಒಪ್ಪಿ, ನಾನೇ ಮೋಸಹೋದೆ. ಅಪ್ಪನ ಆಯ್ಕೆ ಎಂಥದಾಗಿತ್ತು ಅನ್ನೋದು ಅವಳು ತೀರಿಕೊಂಡ ಮೇಲೆ ದಿನವೂ ಗೊತ್ತಾಗುತ್ತಿದೆ.

ನಾನು ಸರ್ವೆ ಇಲಾಖೆಯವನು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ಸುತ್ತಿ ಸುತ್ತಿ, ಊರವರ ಹೊಲಗಳಿಗೆಲ್ಲ ಚೈನು ಎಳೆದು, ಕೊನೆಗೆ ಪಿರಿಯಾಪಟ್ಟಣದಲ್ಲಿ ರಿಟೈರ್ ಆಗಿ ಇಲ್ಲೇ ಉಳಿದೆ. ಮಕ್ಕಳಿಲ್ಲ. ಇದ್ದವರು ಇಬ್ಬರು, ಈಗ ಒಬ್ಬ. ಒಬ್ಬನಿಗೆ ಮುದ್ದೆ ತೊಳಸಿ ನೋಡಿ, ಆಗ ತಿಳಿಯುತ್ತದೆ. ಅಷ್ಟು ಕಮ್ಮಿ ಹಿಟ್ಟು ಮುದ್ದೆಕೋಲಿಗೆ ಸಿಕ್ಕುವುದೇ ಇಲ್ಲ, ಪಾತ್ರೆ ಮಾತ್ರ ಗರಗರ ತಿರುಗುತ್ತದೆ. ಎರಡು ಮುದ್ದೆಗಾಗುವಷ್ಟು ಮಾಡಿ, ಒಂದನ್ನು ಉಂಡು, ಇನ್ನೊಂದನ್ನು ನೋಡುತ್ತಾ ಕೂರುತ್ತೇನೆ. ನನಗೆ ಬೇಕಾಗಿದ್ದದ್ದು ಮೀನಲ್ಲ ಮಾರಾಯ್ರೆ, ಮಾತಿಗೆ ಒಂದು ಜೀವ.

ರಾವಂದೂರು ಕಡೆಗೆ ಸ್ಕೂಟರಿನಲ್ಲಿ ಹೋಗುವಾಗ ಒಂದು ಕೆರೆ ಏರಿಯ ಮೇಲೆ ಸಾಯಂಕಾಲ ಐದಾರು ಜನ ಸಾಲಾಗಿ ಗಾಳ ಹಾಕಿ ಕೂತಿರುವುದು ಕಾಣುತ್ತಿತ್ತು. ನೀರು ನೋಡಿಕೊಂಡೇ ಏನೋ ಮಾತಾಡುತ್ತಿರುತ್ತಾರೆ, ನಗುತ್ತಿರುತ್ತಾರೆ. ಆ ಸಾಲಿನಲ್ಲಿ ನಾನೂ ಕೂರಬೇಕು ಅನ್ನಿಸಿಬಿಟ್ಟಿತು. ಆದರೆ ಬರಿಗೈಯಲ್ಲಿ ಹೋಗಿ ಕೂತರೆ, ಯಾರಪ್ಪ ಇವನು, ಕೆರೆ ಒತ್ತುವರಿ ಅಳೆಯೋಕೆ ಬಂದವನಾ ಅಂತ ಎದ್ದು ಹೋದಾರು. ಅದಕ್ಕೆ ಕೋಲು ಬೇಕಾಯಿತು.

ಮೊಬೈಲಿನಲ್ಲಿ ಹುಡುಕಿದೆ. ಟೋಪಿ ಹಾಕಿಕೊಂಡ ಒಬ್ಬ ಅಮೆರಿಕದವನು ಸಿಕ್ಕಿದ. ಬಾಸ್ ಅಂತ ಒಂದು ಮೀನಂತೆ, ಅದನ್ನು ಹಿಡಿಯಲು ಆರೂವರೆ ಅಡಿ ಕೋಲೋ ಏಳಡಿಯದೋ ಅಂತ ನಮ್ಮ ತಾಲ್ಲೂಕು ಆಫೀಸಿನ ಜಮೀನು ಪಾಲಿನ ಪೋಡಿ ಪ್ರಕರಣದ ಹಾಗೆ ಎಳೆದ. ಗಿಡ್ಡ ಕೋಲಿಗೆ ಗುರಿ ಜಾಸ್ತಿ, ಉದ್ದ ಕೋಲಿಗೆ ದೂರ ಜಾಸ್ತಿ ಎಂಬುದಷ್ಟೇ ನನ್ನ ತಲೆಗೆ ಹೋದದ್ದು. ಆ ಮೀನು ನಮ್ಮ ಕೆರೆಯಲ್ಲಿಲ್ಲ. ಇಲ್ಲಿರುವುದು ಜಿಲೇಬಿ, ಕಾಟ್ಲ, ಕೊರವ. ಅವು ಇಂಗ್ಲಿಷ್ ವಿಡಿಯೋ ನೋಡಿದವಲ್ಲ.

ಅಳತೆ ಅನ್ನೋದೇ ವಿಚಿತ್ರ. ನಮ್ಮ ಹಿಂದಿನವರ ಅಳತೆಯೆಲ್ಲ ಮೈಯಲ್ಲೇ ಇತ್ತು: ಗೇಣು, ಮೊಳ, ಮಾರು. ಹೂವಿನವಳ ಮೊಳ ಯಾವತ್ತೂ ಕೊಳ್ಳುವವಳ ಮೊಳಕ್ಕಿಂತ ಗಿಡ್ಡ. ನನ್ನ ಹೆಂಡತಿ ಶುಕ್ರವಾರ ಶುಕ್ರವಾರ ಜಗಳ ಆಡಿ ಒಂದು ಗೇಣು ಗಿಟ್ಟಿಸಿಕೊಂಡು ಬರುತ್ತಿದ್ದಳು. ಮಾರು ಅಂದರೆ ಎರಡೂ ಕೈ ಚಾಚಿದಷ್ಟು. ಯಾರನ್ನೋ ತಬ್ಬಿಕೊಳ್ಳಲು ಹೊರಟವನ ಅಳತೆ ಅದು. ಮೀಟರು ಬಂದ ಮೇಲೆ ಜಗಳ ಕಮ್ಮಿಯಾಯಿತು ಅನ್ನುತ್ತಾರೆ. ಸರ್ವೆಯವನಾಗಿ ಹೇಳುತ್ತೇನೆ, ಆಗಲಿಲ್ಲ.

ಹುಣಸೂರಿನಲ್ಲಿ ಗಾಳ, ಬಲೆ, ಕೊಡೆ ಮಾರುವ ರಹಮತ್ ಸಾಹೇಬರ ಅಂಗಡಿಗೆ ಹೋದೆ. ಅವರು ಒಂದರೊಳಗೊಂದು ಸೇರುವ ಕೋಲನ್ನು ಸರಸರ ಎಳೆದರು ನೋಡಿ, ತುದಿ ಅಂಗಡಿ ದಾಟಿ ಬೀದಿಗೆ ಹೋಗಿ ಒಬ್ಬ ಸೈಕಲ್ಲಿನವನು ಬ್ರೇಕು ಹಾಕಿದ. ಹದಿನೈದು ಅಡಿ! "ತಗೊಳ್ಳಿ ಸಾರ್, ಮೀನೂ ಹಿಡೀಬಹುದು, ಮಾವಿನಕಾಯೂ ಉದುರಿಸ್ಬಹುದು" ಅಂದರು. ಗಿಡ್ಡ ಕೋಲುಗಳೂ ಇದ್ದವು. ನಾನು ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಉದ್ದ ಕೋಲಿನವನಿಗೆ ಮರ್ಯಾದೆ ಜಾಸ್ತಿ ಸಿಗುತ್ತದೆ ಅಂದುಕೊಂಡೆ, ಪೆದ್ದು ಮುಂಡೇದು.

ಆ ಕೆರೆಗೊಂದು ಕಟ್ಟಳೆ ಇದೆ. ಹೊಸದಾಗಿ ಬಂದವನು ಕೊನೆಯಲ್ಲಿ ಕೂತವನ ಪಕ್ಕದಿಂದ ತನ್ನ ಕೋಲನ್ನು ನೆಲದ ಮೇಲೆ ಎರಡು ಸಲ ಮಲಗಿಸಿ, ಎರಡನೇ ಸಲ ತುದಿ ಎಲ್ಲಿ ಮುಟ್ಟುತ್ತದೋ ಅಲ್ಲಿ ಕೂರಬೇಕು. ಬೀಸಿದ ಗಾಳ ಪಕ್ಕದವನ ಕಿವಿಗೆ ಸಿಕ್ಕಬಾರದಲ್ಲ. ಕೊನೆಯಲ್ಲಿ ಕೂತಿದ್ದವನು ಸಣ್ಣಪ್ಪ, ಅಲ್ಲೇ ಹತ್ತಿರದ ಊರಿನವನು, ಹೊಗೆಸೊಪ್ಪು ಬೆಳೆಯುವವನು. ಅವರೆಲ್ಲರದೂ ಆರೇಳು ಅಡಿಯ ಬಿದಿರು ಕೋಲು. "ಮಲಗ್ಸಿ ಸಾ, ಎರಡ್ ಕಿತ" ಅಂದ. ಮಲಗಿಸಿದೆ. ಮೂವತ್ತಡಿ ಆಚೆ, ಒಂದು ಕಳ್ಳಿ ಗಿಡದ ಪಕ್ಕ ನನ್ನ ಜಾಗ ಬಂತು. ಜೀವಮಾನವಿಡೀ ಊರವರಿಗೆ ಗಡಿಕಲ್ಲು ನೆಟ್ಟವನಿಗೆ ತಕ್ಕ ಜಾಗವೇ ಸರಿ.

ಮೂವತ್ತಡಿ ಏನು ದೂರ ಅನ್ನುತ್ತೀರಿ. ಕೆರೆ ಏರಿಯ ಮೇಲೆ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಪಕ್ಕದವನಿಗೆ ಕೇಳಬೇಕು, ಮೀನಿಗೆ ಕೇಳಬಾರದು, ಅಷ್ಟೇ ದನಿ. ನನಗೆ ಮಾತು ಕೇಳುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಜೋಕು ಕೇಳಿಸದೆ ನಗು ಮಾತ್ರ ಕೇಳಿಸುವುದಿದೆಯಲ್ಲ, ಅದಕ್ಕಿಂತ ಮನೆಯಲ್ಲಿ ಒಬ್ಬನೇ ಕೂರುವುದು ವಾಸಿ. ಒಂದು ಸಲ ತಡೆಯಲಾರದೆ, ಎಲ್ಲರೂ ತಲೆ ಆಡಿಸಿದ್ದು ಕಂಡು ನಾನೂ ಹೋ ಎಂದು ನಕ್ಕೆ. ಎಲ್ಲರೂ ತಿರುಗಿ ನೋಡಿದರು. ಆಮೇಲೆ ತಿಳಿಯಿತು, ಅವರು ಯಾರದೋ ತಿಥಿಯ ವಿಷಯ ಮಾತಾಡುತ್ತಿದ್ದರಂತೆ. ಥೂ, ಆ ದಿನದ ನಾಚಿಕೆ!

ಮೀನೇನೋ ಚೆನ್ನಾಗಿಯೇ ಬಿದ್ದವು. ನನ್ನ ಕೋಲು ಜೊಂಡು ದಾಟಿ ಆಳಕ್ಕೆ ಹೋಗುತ್ತಿತ್ತು. ಜಿಲೇಬಿ ತುಂಬಿಕೊಂಡು ಮನೆಗೆ ಬಂದು, ಬಾಗಿಲು ತೆಗೆದು, "ನೋಡೇ, ಎಷ್ಟು ಬಿದ್ದಿವೆ" ಅನ್ನಲು ಬಾಯಿ ತೆಗೆದು, ಹಾಗೇ ನಿಲ್ಲುತ್ತಿದ್ದೆ. ಬಾಯಿಗೆ ಅಭ್ಯಾಸ ಬಿಟ್ಟಿರಲಿಲ್ಲ. ಮೀನು ಸಾರು ಮಾಡುತ್ತಿದ್ದೆ, ಹುಣಸೆಹುಳಿ ಪ್ರತಿ ಸಲವೂ ಹೆಚ್ಚಾಗುತ್ತಿತ್ತು. ಹೆಚ್ಚಾಯಿತು ಅಂತ ಬಯ್ಯುವವರಿಲ್ಲದ ಸಾರು ಗಂಟಲಲ್ಲಿ ಇಳಿಯುವುದಿಲ್ಲ.

ಹೀಗಿರುವಾಗ ಒಂದು ಸಾಯಂಕಾಲ ಕೋಲಿನೊಳಗೆ ಮರಳು ಸೇರಿ ಬಿಗಿದುಕೊಂಡಿತು. ಎಷ್ಟು ಎಳೆದರೂ ತುದಿಯ ಕಡೆಯ ಅರ್ಧ ಮಾತ್ರ ಆಚೆ ಬಂತು. ಎದ್ದು ಹೋಗೋಣ ಅಂದುಕೊಂಡೆ. ಸಣ್ಣಪ್ಪ, "ಇದ್ದಷ್ಟ್ನೇ ಮಲಗ್ಸಿ ಸಾ" ಅಂದ. ಮಲಗಿಸಿದೆ. ಅವನ ಬೀಡಿ ವಾಸನೆ ಬರುವಷ್ಟು ಹತ್ತಿರ ಜಾಗ ಸಿಕ್ಕಿತು. ಅವತ್ತು ಮೀನು ಒಂದೂ ಬೀಳಲಿಲ್ಲ. ಸಣ್ಣಪ್ಪನ ಎಮ್ಮೆ ಯಾವ ಬಣ್ಣದ ಸೀರೆ ಕಂಡರೆ ಹಾಲು ಕೊಡುವುದಿಲ್ಲ, ಅವನ ಭಾವಮೈದುನ ಎಂಥ ಬುರುಡೆ ಬಿಡುತ್ತಾನೆ, ಎಲ್ಲ ಕೇಳಿಕೊಂಡು, ನಗಬೇಕಾದಲ್ಲಿ ಸರಿಯಾಗಿ ನಕ್ಕು, ಬರಿಗೈಯಲ್ಲಿ ಮನೆಗೆ ಬಂದೆ. ಎರಡೂ ಮುದ್ದೆ ಉಂಡೆ.

ಮಾರನೇ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಕೋಲು ನಯವಾಗಿ ಪೂರಾ ಬಿಚ್ಚಿಕೊಂಡಿತು. ಮೆಲ್ಲಗೆ ಮತ್ತೆ ಒಳಗೆ ತಳ್ಳಿ, ಸಾಯಂಕಾಲ ಅರ್ಧವನ್ನೇ ಎಳೆದು ಮಲಗಿಸಿದೆ. "ಇನ್ನೂ ಸರಿ ಓಗ್ನಿಲ್ವಾ ಸಾ?" ಅಂದ ಸಣ್ಣಪ್ಪ. "ಇಲ್ಲ ಕಣಪ್ಪ, ಕೆಟ್ಟದಾಗಿ ಹಿಡ್ಕೊಂಡುಬಿಟ್ಟಿದೆ" ಅಂದೆ. ಅವನು ಎಣ್ಣೆ ಹತ್ತಿದ ಕೋಲನ್ನೂ ನನ್ನ ಮುಖವನ್ನೂ ನೋಡಿ, "ಬುಡಿ ಸಾ, ರಿಪೇರಿಗೀಪೇರಿ ಏನೂ ಬ್ಯಾಡ" ಅಂದ. ಅಷ್ಟರ ಮೇಲೆ ಆ ವಿಷಯ ಯಾರೂ ಎತ್ತಲಿಲ್ಲ.

ಆಮೇಲೊಂದು ದಿನ, ಎರೆಹುಳು ಸಿಕ್ಕಿಸುತ್ತಾ, ನನ್ನ ಕಡೆ ನೋಡದೆಯೇ ಕೇಳಿದ: "ಮನೇಲಿ ಯಾರ್ಯಾರವ್ರೆ ಸಾ?"

"ಯಾರೂ ಇಲ್ಲ ಕಣಪ್ಪ. ನಾನೊಬ್ಬನೇ."

ಈ ಮಾತನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟು ಆಡಿರಲಿಲ್ಲ. ಆಡಿದ ಮೇಲೆ ನೀರಿನಲ್ಲಿ ತೇಲುತ್ತಿದ್ದ ಗಾಳದ ಬೆಂಡು ಕಾಣದಾಯಿತು. ಸಣ್ಣಪ್ಪ ಅಯ್ಯೋ ಪಾಪ ಅನ್ನಲಿಲ್ಲ. ತನ್ನ ಹುಳದ ಡಬ್ಬಿಯನ್ನು ಇಬ್ಬರ ನಡುವೆ ಇಟ್ಟು, "ಬರ್ದೇ ಇದ್ ದಿನ ಒಂದ್ ಫೋನ್ ಮಾಡಿ ಯೋಳಿ, ನೋಡ್ತಾ ಕುಂತಿರ್ತೀವಿ" ಅಂದ.

ಮೊನ್ನೆ ನನಗೆ ಜ್ವರ. ಫೋನು ಮಾಡುವುದನ್ನೂ ಮರೆತು ಕಂಬಳಿ ಹೊದ್ದು ಮಲಗಿದ್ದೆ. ಸಾಯಂಕಾಲ ಫೋನು ಬಡಿದುಕೊಂಡಿತು. ನನ್ನ ಫೋನಿಗೆ ಸಾಲ ಬೇಕಾ ಅಂತ ಕೇಳುವವರದು ಬಿಟ್ಟರೆ ಬೇರೆ ಕರೆ ಬರುವುದು ಅಪರೂಪ.

"ಯಾಕ್ ಸಾ ಬರ್ನಿಲ್ಲ? ಉಸಾರಾಗಿದೀರಾ?"

ಉಸಾರಿಲ್ಲ, ಜ್ವರ ಅಂದೆ. ನಾಳೆ ಮಗಳ ಕೈಲಿ ಗಂಜಿ ಕಳಿಸುತ್ತೀನಿ ಅಂದ ಸಣ್ಣಪ್ಪ. ಬೇಡ ಅನ್ನಬೇಕು ಅಂದುಕೊಂಡವನು ಮನೆಯ ಗುರುತು ಹೇಳಿದೆ. ಅವನು ದನಿ ತಗ್ಗಿಸಿದ.

"ಇಲ್ಲಿ ಯಾರೋ ಒಸಬ್ರು ಬಂದವ್ರೆ ಸಾ. ಪ್ಯಾಟೆ ಕಡೆಯೋರು. ಕೋಲು ನಿಮ್ದುಕ್ಕಿಂತ ಉದ್ದ. ಅಳ್ತೆ ಆಕ್ಕಂಡು ಓಗಿ ಕಳ್ಳಿಗಿಡದ್ ತಾವ್ ಒಬ್ರೇ ಕುಂತವ್ರೆ."

"ಹತ್ತಿರ ಕರಿ" ಅಂದೆ.

"ಅಳ್ತೆ?"

"ಅಳತೆ ಮನೆ ಹಾಳಾಗಲಿ. ನನ್ನ ಜಾಗದಲ್ಲಿ ಕೂರಿಸಿಕೋ."