ಅವನ ಗಿಟಾರ್ ಇಲ್ಲದ ಕ್ಯಾಸೆಟ್

ದೊಡ್ಡಬಳ್ಳಾಪುರದಲ್ಲಿ ಜನ ನಮ್ಮನ್ನು ಗಲಾಟೆ ಪಾರ್ಟಿ ಅನ್ನುತ್ತಿದ್ದರು. ನಾವೇ ಇಟ್ಟುಕೊಂಡಿದ್ದ ಹೆಸರು ಬೇರೆ ಇತ್ತು, ಅದು ಯಾರ ಬಾಯಲ್ಲೂ ನಿಲ್ಲಲಿಲ್ಲ. ಇದ್ದದ್ದು ಮೂವರು. ಗಿಟಾರ್ ನುಡಿಸುವವನು ನೇಕಾರರ ಮನೆಯವನು, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಅವನ ಮನೆಯ ಮುಂಭಾಗದಲ್ಲೇ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಹಾಡುವವನು ಸಾಸಲಿನ ಕಡೆಯ ರೈತರ ಮಗ, ಪೇಟೆಯ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಾನು ಡ್ರಮ್ಸ್. ಹೊಟ್ಟೆಪಾಡಿಗೆ ಬೇರೆಯವರ ಶೆಡ್ಡಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದೆ.

ನಾವು ಶುರು ಮಾಡಿದ್ದು ಇಪ್ಪತ್ತು ದಾಟಿದ ಹೊಸದರಲ್ಲಿ. ಹಾಡುವವನ ಭಾವನೊಬ್ಬ ಬೆಂಗಳೂರಿನ ಕಂಟೋನ್ಮೆಂಟ್ ಕಡೆ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ. ಯಾರೋ ವಿದೇಶಿ ಅತಿಥಿ ಬಿಟ್ಟುಹೋದ ಕ್ಯಾಸೆಟ್ಟನ್ನು ತಂದುಕೊಟ್ಟ. ಅದರ ಇಂಗ್ಲಿಷ್ ನಮಗೆ ಒಂದಕ್ಷರ ತಿಳಿಯಲಿಲ್ಲ. ತಿಳಿದದ್ದು ಎರಡೇ: ಹಾಡುತ್ತಿರುವವರಿಗೆ ಯಾರ ಮೇಲೋ ಭಾರಿ ಸಿಟ್ಟಿದೆ, ಮತ್ತು ಅವರಿಗೆ ವಾದ್ಯ ನುಡಿಸಲು ಸರಿಯಾಗಿ ಬರುವುದಿಲ್ಲ. ಎರಡೂ ನಮ್ಮಲ್ಲೂ ಬೇಕಾದಷ್ಟಿತ್ತು. ಅಂಥ ಹಾಡಿಗೆ ಪಂಕ್ ಅನ್ನುತ್ತಾರೆ ಎಂದು ಹೇಳಿದ್ದು ಗಿಟಾರ್ ಮಾರಿದ ಸೆಕೆಂಡ್ ಹ್ಯಾಂಡ್ ಅಂಗಡಿಯವನು.

ನಮ್ಮ ಹಾಡುಗಳೆಲ್ಲ ಎರಡೆರಡು ನಿಮಿಷದವು. ಕರೆಂಟ್ ತೆಗೆಯುವವರ ಮೇಲೊಂದು, ಮಗ್ಗದ ಯಜಮಾನರ ಮೇಲೊಂದು, ಹೆಣ್ಣು ನೋಡಲು ಬಂದು ಉಪ್ಪಿಟ್ಟು ತಿಂದು ಹೋಗುವವರ ಮೇಲೊಂದು. ಗಣೇಶನ ಪೆಂಡಾಲಿನಲ್ಲಿ ಮೂರನೇ ಹಾಡಿಗೇ ವೈರು ಕೀಳುತ್ತಿದ್ದರು. ನಮ್ಮ ತಾಲ್ಲೂಕಿನ ಮಧುರೆಯಲ್ಲಿ ಒಮ್ಮೆ ಹಿರಿಯರೊಬ್ಬರು ವೇದಿಕೆಗೇ ಹತ್ತಿ ಬಂದು, "ಏನಪ್ಪಾ, ನಿಮಗೆ ಶ್ರುತಿ ಅನ್ನೋದು ಒಂದಿದೆ ಅಂತಾದ್ರೂ ಗೊತ್ತೇನ್ರಪ್ಪಾ?" ಎಂದು ಕೇಳಿದರು. ಗಿಟಾರಿನವನು ಮೈಕಿನಲ್ಲೇ ಉತ್ತರ ಕೊಟ್ಟ: "ಇದೆ ಸ್ವಾಮಿ, ಮನೇಲಿ ಬಿಟ್ಟು ಬಂದಿದೀವಿ." ಮುಂದೆ ಕೂತಿದ್ದ ಹುಡುಗರೆಲ್ಲ ಕೇಕೆ ಹಾಕಿದರು. ಆ ಮಾತನ್ನು ನಾವು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದೇವೆ.

ಹೀಗೇ ಹದಿನೆಂಟು ವರ್ಷ ಕಳೆಯಿತು. ಮೂವರಿಗೂ ಮದುವೆಯಾಯಿತು, ಮಕ್ಕಳಾದವು. ಹಾಡುವವನ ತಲೆ ಮುಂದಿನಿಂದ ಬೋಳಾಯಿತು. ವರ್ಷಕ್ಕೆ ಮೂರೋ ನಾಲ್ಕೋ ಕಡೆ ನಮ್ಮನ್ನು ಕರೆಯುತ್ತಿದ್ದರು, ಹೆಚ್ಚಾಗಿ ಕಾಲೇಜುಗಳವರು. ಆದರೂ ಭಾನುವಾರ ಬೆಳಿಗ್ಗೆ ಗಿಟಾರಿನವನ ಮನೆಯಲ್ಲಿ ಸೇರುವುದನ್ನು ಬಿಡಲಿಲ್ಲ. ಆ ಹೊತ್ತಿಗೆ ಅವನು ಮಗ್ಗ ನಿಲ್ಲಿಸುತ್ತಿದ್ದ. ಅವನ ಹೆಂಡತಿ ಕಾಫಿ ತಂದಿಟ್ಟು, "ಇನ್ನು ನಿಮ್ಮ ಮಗ್ಗ ಶುರುವಾಗ್ಲಿ" ಎಂದು ಒಳಗೆ ಹೋಗುತ್ತಿದ್ದರು.

ಅವನ ಕಿವಿ ಮಂದವಾಗಿದ್ದು ಯಾವಾಗ ಎಂದು ನಾನು ಹೇಳಲಾರೆ. ಮಗ್ಗದ ಊರಿನಲ್ಲಿ ಎಲ್ಲರೂ ಸ್ವಲ್ಪ ಕಿವುಡರೇ. ಶೆಡ್ಡಿನೊಳಗೆ ಲಾಳಿಗಳು ಆ ಕಡೆಯಿಂದ ಈ ಕಡೆಗೆ ಬಡಿದುಕೊಳ್ಳುವಾಗ ಕೈಸನ್ನೆಯಲ್ಲೇ ಮಾತು, ಮನೆಗೆ ಬಂದ ಮೇಲೂ ಕಿರುಚುವುದೇ ಅಭ್ಯಾಸ. ಹೆಂಡತಿ ಅವನ ಎಡಗಡೆಗೆ ಬಂದು ನಿಂತು ಮಾತಾಡುತ್ತಿದ್ದರು. ಅದನ್ನು ನೋಡಿದ್ದೆ, ಅದರ ಬಗ್ಗೆ ಯೋಚಿಸಿರಲಿಲ್ಲ. ಅವನು ಹುಟ್ಟಿದ್ದೇ ಮಗ್ಗದ ಪಕ್ಕದ ಕೋಣೆಯಲ್ಲಿ. ನಲವತ್ತೆರಡು ವರ್ಷ ಒಂದೇ ಸಮ ಆ ಸದ್ದನ್ನು ಕೇಳಿದ ಕಿವಿ ಅದು.

ತೊಂಬತ್ತರ ದಶಕದ ಕೊನೆಗೆ, ಹಾಡುವವನ ಪರಿಚಯದ ಕ್ಯಾಸೆಟ್ ಕಂಪನಿಯವರೊಬ್ಬರು ಬೆಂಗಳೂರಿನ ತಮ್ಮ ಸ್ಟುಡಿಯೋ ಎರಡು ದಿನ ಖಾಲಿ ಇದೆ, ಬಂದು ರೆಕಾರ್ಡ್ ಮಾಡಿಕೊಳ್ಳಿ ಎಂದರು. ಅವರು ಮಾಡುತ್ತಿದ್ದದ್ದು ಭಕ್ತಿಗೀತೆ. ನಮ್ಮನ್ನು ಯಾಕೆ ಕರೆದರೋ, ಹಾಡುವವನ ಮೇಲಿನ ವಿಶ್ವಾಸ ಇರಬೇಕು.

ಎಂಟು ಹೊಸ ಹಾಡು ಕಟ್ಟಿದೆವು. ರಾಗವೆಲ್ಲ ಗಿಟಾರಿನವನದು. ನಿಧಾನದ ಹಾಡುಗಳು. ಯಾರ ಮೇಲೂ ಕೂಗುವಂಥವಲ್ಲ. ಶೆಡ್ಡಿನಲ್ಲಿ ಕೆಮ್ಮಿ ಕೆಮ್ಮಿ ಸತ್ತ ಗೆಳೆಯನ ಮೇಲೊಂದು ಇತ್ತು. ಮಂಡಿನೋವಿನ ಹೆಂಡತಿ ಮಗ್ಗದ ಮುಂದೆ ನಿಂತಿರುವುದರ ಮೇಲೊಂದು. ಆ ಹಾಡಿನ ಮಧ್ಯೆ ಮಾತಿಲ್ಲದೆ ಗಿಟಾರ್ ಒಂದೇ ನುಡಿಯುವ ಜಾಗವಿತ್ತು. ತಂತಿಯನ್ನು ಎಳೆದು, ಇನ್ನೂ ಎಳೆದು, ಕಿತ್ತುಹೋಗುತ್ತದೇನೋ ಅನ್ನುವಾಗ ಬಿಡುತ್ತಿದ್ದ. ಭಾನುವಾರ ಅದನ್ನು ಮೊದಲ ಸಲ ನುಡಿಸಿದಾಗ ಒಳಗಿನಿಂದ ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದರು.

ಮೊದಲ ದಿನ ಡ್ರಮ್ಸ್ ಮತ್ತು ಹಾಡು ಮುಗಿಯಿತು. ಎರಡನೇ ದಿನ ಬೆಳಿಗ್ಗೆ ಗಿಟಾರ್. ಅವನು ಗಾಜಿನಾಚೆಯ ಕೋಣೆಯಲ್ಲಿ ಕೂತ. ನಾವಿಬ್ಬರು ಈಚೆ, ರೆಕಾರ್ಡಿಂಗ್ ಮಾಡುವವನ ಹಿಂದೆ. ಮನೆಯಲ್ಲಿ ಎಲ್ಲವೂ ಒಟ್ಟಿಗೆ ಜೋರಾಗಿ ಮೊಳಗುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಅವನ ಗಿಟಾರ್ ಒಂದೇ ಸ್ಪೀಕರಿನಲ್ಲಿ ಬಂತು. ಸಣ್ಣ ತಂತಿಗಳೆಲ್ಲ ಶ್ರುತಿಗಿಂತ ಮೇಲೆ ಹೋಗಿದ್ದವು.

ರೆಕಾರ್ಡಿಂಗ್‌ನವನು ಒಳ್ಳೆಯ ಮನುಷ್ಯ. ಒಳಗೆ ಹೋಗಿ, "ಸಾರ್, ಒಂದ್ನಿಮಿಷ ಕೊಡಿ" ಎಂದು ಗಿಟಾರ್ ತೆಗೆದುಕೊಂಡು ಶ್ರುತಿ ಮಾಡಿ ಕೊಟ್ಟ. ಗಿಟಾರಿನವನು ಒಂದು ಸಲ ಮೀಟಿ ನೋಡಿದ, ಮುಖ ಸಿಂಡರಿಸಿದ. "ಸಣ್ಣ ತಂತಿ ಮಂಕಾಗ್ಬಿಡ್ತಲ್ಲ" ಎಂದು ಮತ್ತೆ ಬಿಗಿ ಮಾಡಿಕೊಂಡ. ಮೂರು ಸಲ ಹೀಗೇ ಆಯಿತು. ಆಗ ನನಗೆ ಅರ್ಥವಾಯಿತು. ಸಣ್ಣ ತಂತಿಯ ಸ್ವರಗಳು ಅವನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮಂಕು ಹೋಯಿತು ಅನ್ನಿಸುವವರೆಗೆ ಬಿಗಿ ಮಾಡುತ್ತಿದ್ದ.

ಸಂಜೆ ನಾಲ್ಕಕ್ಕೆ ಎಂಟೂ ಹಾಡು ಮುಗಿಸಿ ಹೊರಗೆ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ಭುಜ ಹಿಡಿದು ಕಿರುಚಿ ಕೇಳಿದ: "ಹೆಂಗ್ಲಾ ಬಂತು?"

"ಚೆನ್ನಾಗಿ ಬಂತು ಗುರು" ಎಂದೆ.

ಮಗಳಿಗೆ ಜ್ವರ ಇದೆ, ಬೇಗ ಬಸ್ ಹಿಡಿಯುತ್ತೇನೆ ಎಂದು ಅವನು ಹೊರಟ. ಅವನು ಗೇಟು ದಾಟಿದ ಮೇಲೆ ರೆಕಾರ್ಡಿಂಗ್‌ನವನು ನಮ್ಮ ಕಡೆ ತಿರುಗಿದ. "ತಪ್ಪು ತಿಳ್ಕೋಬೇಡಿ ಸಾರ್. ಇದು ಹೀಗೇ ಹೊರಗೆ ಹೋದ್ರೆ ಜನ ನಗ್ತಾರೆ. ಪಕ್ಕದ ರಸ್ತೇಲಿ ಒಬ್ರು ಗಿಟಾರ್ ನುಡಿಸೋರಿದಾರೆ, ಸಿನಿಮಾಗೆಲ್ಲ ನುಡಿಸ್ತಾರೆ. ಕೇಳಿ ಹಾಗೇ ಎತ್ಕೊಂಡ್ಬಿಡ್ತಾರೆ. ಎರಡು ಗಂಟೆ ಕೆಲಸ."

ಹಾಡುವವನು ನನ್ನನ್ನು ನೋಡಿದ. "ಒಂದು ಸಲಾನಾದ್ರೂ ನೆಟ್ಟಗೆ ಬರ್ಲಿ ಕಣೋ. ನಲವತ್ತಾಯ್ತು. ಇನ್ಯಾವಾಗ?"

"ಅವನಿಗೆ?"

"ಅವನಿಗೆ ಹೇಳೋದು ಬೇಡ. ಗೊತ್ತಾಗಲ್ಲ."

ನಾವು ಯಾವತ್ತು ಶ್ರುತಿಗೆ ಹೆದರಿದ್ದೆವು? ಹಾಗೆ ಕೇಳಬೇಕು ಅನ್ನಿಸಿತು. ಇದೇ ನಮ್ಮ ದನಿ, ಹೀಗೇ ಇರಲಿ ಬಿಡು ಎಂದಿದ್ದರೆ ಹಾಡುವವನು ಒಪ್ಪುತ್ತಿದ್ದನೋ ಏನೋ. ನಾನು ಅನ್ನಲಿಲ್ಲ. ನನಗೂ ಆಸೆಯಿತ್ತು. ಅಂಗಡಿಯಲ್ಲಿ ಜೋಡಿಸಿಟ್ಟ ಕ್ಯಾಸೆಟ್ಟುಗಳ ಸಾಲಿನಲ್ಲಿ ನಮ್ಮದೂ ಒಂದು, ಯಾರೂ ನಗದಂಥದ್ದು, ಇರಲಿ ಎಂದು. ತಲೆಯಾಡಿಸಿದೆ.

ಆಗ ರೆಕಾರ್ಡಿಂಗ್‌ನವನು ಹೇಳಿದ: "ಟೇಪಲ್ಲಿ ಬೇರೆ ಟ್ರ್ಯಾಕ್ ಖಾಲಿ ಇಲ್ಲ ಸಾರ್, ಎಲ್ಲಾ ಡ್ರಮ್ಸು ಹಾಡು ತುಂಬ್ಕೊಂಡಿದೆ. ಹೊಸದನ್ನ ಇದರ ಮೇಲೇ ತಗೋಬೇಕು. ಹಳೇದು ಅಳಿಸಿ ಹೋಗುತ್ತೆ. ಪರವಾಗಿಲ್ವಾ?"

ಹಾಡುವವನು ಬೀಡಿ ಸೇದಲು ಹೊರಗೆ ಹೋಗಿದ್ದ. ಪರವಾಗಿಲ್ಲ ಎಂದದ್ದು ನಾನು.

ಬಂದವರು ಕನ್ನಡಕ ಹಾಕಿದ್ದ ಮೆಲುಮಾತಿನವರು. ಒಂದೊಂದು ಹಾಡನ್ನೂ ಎರಡು ಸಲ ಕೇಳಿಸಿಕೊಂಡು, ಮೂರನೇ ಸಲಕ್ಕೆ ನುಡಿಸಿದರು. ಆ ಎಳೆಯುವ ಜಾಗದಲ್ಲಿ ಮಾತ್ರ ನಿಂತು, "ಇದನ್ನ ಮಾಡಿದೋರು ಯಾರು? ಎಂಥಾ ಜಾಗ!" ಎಂದರು. ಆಮೇಲೆ ಅದನ್ನು ತಿದ್ದಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸಿ, ಚಂದ ಮಾಡಿದರು.

ಎರಡು ತಿಂಗಳಿಗೆ ಕ್ಯಾಸೆಟ್ ಬಂತು. ಭಾನುವಾರ ಅವನ ಮನೆಯ ಟೇಪ್ ರೆಕಾರ್ಡರಿನಲ್ಲಿ ಹಾಕಿದೆವು. ಅವನು ನೆಲದ ಮೇಲೆ ಕೂತು ಎಡಗಿವಿಯನ್ನು ಸ್ಪೀಕರಿಗೆ ಹತ್ತಿರ ಹಿಡಿದು, ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟುಕೊಂಡು ಕೇಳಿದ. ಎಲ್ಲ ಮುಗಿದ ಮೇಲೆ ತಲೆ ಎತ್ತಿ, "ನಾನು ಇಷ್ಟು ಚೆನ್ನಾಗಿ ನುಡಿಸಿದ್ನೇನ್ಲಾ?" ಎಂದ. ಹಾಡುವವನು ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆ ಕಡೆ ಹೋದ. ನಾನು, "ನೀನೇ ಗುರು, ಇನ್ಯಾರು" ಎಂದೆ.

ಕ್ಯಾಸೆಟ್ ಹೆಚ್ಚು ಹೋಗಲಿಲ್ಲ. ಬಸ್ ನಿಲ್ದಾಣದ ಅಂಗಡಿಯವನು ಮೊದಲ ವಾರ ಹಾಕಿ ಕೇಳಿಸಿದ, ಆಮೇಲೆ ಸಿನಿಮಾ ಹಾಡಿಗೆ ಮರಳಿದ. ನಮ್ಮ ಹಳೆಯ ಅಭಿಮಾನಿಯೊಬ್ಬ ಆವತಿಯಿಂದ ಬಂದು, "ಎಲ್ಲಾ ನೀಟಾಗಿದೆ, ನಿಮ್ಮದು ಅನ್ಸಲ್ಲ" ಎಂದು ಮುಖ ಸಣ್ಣ ಮಾಡಿಕೊಂಡು ಹೋದ.

ಗಿಟಾರಿನವನು ಕ್ಯಾಸೆಟ್ ಕೇಳಿದ ಮುಂದಿನ ಭಾನುವಾರ ಮಗ್ಗ ನಿಲ್ಲಿಸಲಿಲ್ಲ. ಆರ್ಡರ್ ಇದೆ, ಮುಂದಿನ ವಾರ ನೋಡೋಣ ಎಂದ. ಅದರ ಮುಂದಿನ ವಾರವೂ ಅದೇ ಮಾತು. ಜಗಳವಿಲ್ಲ, ಮುನಿಸಿಲ್ಲ. ದಾರಿಯಲ್ಲಿ ಸಿಕ್ಕರೆ ಹೆಗಲ ಮೇಲೆ ಕೈ ಹಾಕುತ್ತಿದ್ದ, ಟೀ ಕುಡಿಸುತ್ತಿದ್ದ. ಗಿಟಾರಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ನಾನೂ ಎತ್ತಲಿಲ್ಲ. ಎತ್ತಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂಬ ಭಯ.

ಒಂದೂವರೆ ವರ್ಷದ ಮೇಲೆ ಒಂದು ಮಧ್ಯಾಹ್ನ ಮಗ್ಗದ ಮುಂದೆಯೇ ಕುಸಿದ. ಎದೆ ಹಿಡಿದುಕೊಂಡಿದ್ದನಂತೆ. ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋಗಿಬಿಟ್ಟ. ಅವನಿಗೆ ನಲವತ್ತನಾಲ್ಕು.

ಹನ್ನೊಂದನೆಯ ದಿನ ಊಟವಾದ ಮೇಲೆ ಬಂಧುಗಳೆಲ್ಲ ಕೂತಿದ್ದರು. ಅವನ ಮಗಳು, ಆಗ ಪಿಯುಸಿ ಓದುತ್ತಿದ್ದಳು, ಟೇಪ್ ರೆಕಾರ್ಡರ್ ತಂದು ಫೋಟೋದ ಪಕ್ಕದಲ್ಲಿಟ್ಟಳು. "ಅಪ್ಪ ನುಡಿಸಿರೋದು" ಎಂದು ಕ್ಯಾಸೆಟ್ ಹಾಕಿದಳು. ಮಂಡಿನೋವಿನ ಹಾಡು ಬಂತು. ಗಿಟಾರಿನ ಜಾಗ ಬಂದಾಗ ಅವನ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅವನ ತಾಯಿ ಸ್ಪೀಕರಿನ ಕಡೆ ಎರಡೂ ಕೈ ಮುಗಿದರು. ಕನ್ನಡಕದ ಆ ಮೆಲುಮಾತಿನವರು ನುಡಿಸುತ್ತಿದ್ದರು, ಇಡೀ ಮನೆ ನನ್ನ ಗೆಳೆಯನೆಂದು ಅಳುತ್ತಿತ್ತು. ಹಾಡುವವನು ಗೋಡೆಗೆ ಮುಖ ಮಾಡಿ ಕೂತಿದ್ದ. ನನಗೆ ಅಲ್ಲಿ ಕೂರಲಾಗಲಿಲ್ಲ. ಹಿತ್ತಲಿಗೆ ಹೋಗಿ ತೊಟ್ಟಿಯ ನೀರಿನಲ್ಲಿ ಮುಖ ತೊಳೆದೆ.

ಆಗ ಮಗಳು ಬಂದು ಹೇಳಿದಳು: "ಮಾಮ, ಆ ಜಾಗ ನಾನು ಅಪ್ಪನ ಗಿಟಾರ್ ಇಳಿಸ್ಕೊಂಡು ಕಲೀತಿದೀನಿ. ಅರ್ಧ ಬಂದಿದೆ."

ಆ ವಾರವೇ ಬೆಂಗಳೂರಿಗೆ ಹೋದೆ. ಸ್ಟುಡಿಯೋದಲ್ಲಿ ಅದೇ ರೆಕಾರ್ಡಿಂಗ್‌ನವನಿದ್ದ. ಹಳೆಯ ಟೇಪು ಏನಾದರೂ, ಒಂದು ತುಂಡಾದರೂ ಉಳಿದಿದೆಯೇ ಎಂದು ಕೇಳಿದೆ. ಆ ಸುರುಳಿಯ ಮೇಲೆ ಅದಾದ ಮೇಲೆ ಇನ್ನೆರಡು ಕ್ಯಾಸೆಟ್ಟಿನ ಭಜನೆ ರೆಕಾರ್ಡ್ ಆಗಿದೆ ಎಂದ. "ಅವತ್ತೇ ಕೇಳಿದ್ನಲ್ಲ ಸಾರ್" ಎಂದ, ತಪ್ಪು ಹೊರಿಸುವಂತೆ ಅಲ್ಲ, ಬೇಸರದಿಂದ. ಮನೆಯ ಅಭ್ಯಾಸವನ್ನು ನಾವ್ಯಾರೂ ಟೇಪ್ ಮಾಡಿಟ್ಟುಕೊಂಡಿರಲಿಲ್ಲ. ಹದಿನೆಂಟು ವರ್ಷ ನುಡಿಸಿದವನ ಒಂದು ಸದ್ದೂ ಎಲ್ಲೂ ಇಲ್ಲ.

ವಾಪಸು ಬಂದವನು ನೇರ ಅವನ ಮನೆಗೆ ಹೋದೆ. ಅವನ ಹೆಂಡತಿ ಮಗ್ಗದ ಪಕ್ಕ ಕೂತು ನೂಲು ಬಿಡಿಸುತ್ತಿದ್ದರು. "ಅತ್ತಿಗೆ, ಒಂದು ವಿಷಯ" ಎಂದು ಶುರು ಮಾಡಿ ಎಲ್ಲ ಹೇಳಿದೆ. ಅವರು ನೂಲು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಕ್ಯಾಸೆಟ್ ಬಂದ ವಾರ ದಿನಾ ಹಾಕ್ಕೊಂಡು ಕೇಳ್ತಿದ್ರು ಕಣಪ್ಪಾ. ಏಳೆಂಟು ದಿನ. ಆಮೇಲೆ ಗಿಟಾರ್ನ ಬಟ್ಟೇಲಿ ಸುತ್ತಿ ಅಟ್ಟದ ಮೇಲಿಟ್ರು. ಯಾಕೆ ಅಂದೆ. ಇನ್ನು ಇದಕ್ಕಿಂತ ಚೆನ್ನಾಗಿ ನುಡಿಸಕ್ಕಾಗಲ್ಲ, ಸಾಕು ಅಂದ್ರು. ನಾನು ಸಮಾಧಾನ ಆಯ್ತು ಅನ್ಕೊಂಡೆ."

"ಅವನಿಗೆ ಗೊತ್ತಾಗಿತ್ತಾ ಅತ್ತಿಗೆ?"

"ಹೆಂಗೆ ಹೇಳ್ಲಿ. ಸಂತೋಷದಲ್ಲಿ ಅಂದ್ರೋ, ಗೊತ್ತಾಗಿ ಅಂದ್ರೋ. ನೀನು ಇವತ್ತು ಬಂದು ಹೇಳ್ತಿದೀಯ. ಇನ್ನು ಯಾರನ್ನ ಕೇಳ್ಲಿ?"

ಮಗಳು ನಡುಮನೆಯ ಬಾಗಿಲಲ್ಲಿ ನಿಂತಿದ್ದನ್ನು ನಾವಿಬ್ಬರೂ ನೋಡಿರಲಿಲ್ಲ. "ಹಾಗಾದ್ರೆ ಅದು ಯಾರದ್ದು?" ಎಂದಳು. ನಾನು ಹೇಳಿದೆ. ಅವಳು ಒಂದೂ ಬೈಗುಳ ಆಡಲಿಲ್ಲ. "ನೀವು ಹೋಗಿ ಮಾಮ" ಎಂದಳು, ಅಷ್ಟೇ.

ಹಾಡುವವನು ವಿಷಯ ತಿಳಿದು ನನ್ನ ಮೇಲೆ ಸಿಟ್ಟಾದ. ಸುಮ್ಮನಿದ್ದಿದ್ದರೆ ಎಲ್ಲರಿಗೂ ನೆಮ್ಮದಿ ಇರುತ್ತಿತ್ತಲ್ಲ ಎಂದ. ಇರುತ್ತಿತ್ತೇನೋ. ಅವನೂ ನಾನೂ ಅದಾದ ಮೇಲೆ ಒಟ್ಟಿಗೆ ನುಡಿಸಲಿಲ್ಲ. ನನ್ನ ಡ್ರಮ್ಸನ್ನು ಮದುವೆ ಬ್ಯಾಂಡಿನವರು ಬಂದು ತೆಗೆದುಕೊಂಡು ಹೋದರು.

ಎರಡು ತಿಂಗಳು ನಾನು ಆ ಬೀದಿಗೆ ಹೋಗಲಿಲ್ಲ. ಆಮೇಲೊಂದು ಭಾನುವಾರ ಬೆಳಿಗ್ಗೆ ಆ ಹುಡುಗಿಯೇ ಸೈಕಲ್ಲಿನಲ್ಲಿ ಬಂದಳು, ಬೆನ್ನಿಗೆ ಬಟ್ಟೆ ಸುತ್ತಿದ ಗಿಟಾರ್. ನನ್ನ ಹೆಂಡತಿ ಕೊಟ್ಟ ನೀರು ಕುಡಿದು, ಜಗಲಿಯ ಮೇಲೆ ಕೂತಳು.

"ಅಪ್ಪ ನುಡಿಸಿದ್ದು ಹೆಂಗಿತ್ತು, ಹೇಳಿ" ಎಂದಳು.

ನನಗೆ ಗಿಟಾರ್ ಬರುವುದಿಲ್ಲ. ಬಾಯಲ್ಲಿ ಅಂದು ತೋರಿಸಿದೆ. ಅವಳು ನುಡಿಸಿದಳು. ಅಲ್ಲ, ಇನ್ನೂ ಎಳೀತಿದ್ದ ಎಂದೆ. ಎಳೆದಳು. ಇನ್ನೂ ಎಂದೆ.

"ಇನ್ನೂ ಎಳೆದ್ರೆ ಶ್ರುತಿ ತಪ್ಪುತ್ತೆ ಮಾಮ."

"ತಪ್ಪಲಿ."

ಅವಳು ಹಲ್ಲು ಕಚ್ಚಿ ಎಳೆದಳು. ಬೆರಳ ತುದಿ ಕೆಂಪಾಯಿತು. ತಂತಿ ವಿಕಾರವಾಗಿ ಕೂಗಿತು. ಅವನದಕ್ಕೆ ಹತ್ತಿರವೇ ಇತ್ತು, ಆದರೆ ಅವನದಲ್ಲ. ಎಲ್ಲಿ ವ್ಯತ್ಯಾಸ ಎಂದು ಹೇಳಲು ಹೋದೆ, ನನಗೇ ಸರಿಯಾಗಿ ನೆನಪಾಗಲಿಲ್ಲ. ಬಾಯಲ್ಲಿ ಮತ್ತೆ ಅಂದು ನೋಡಿದೆ, ಈ ಸಲ ಮೊದಲಿನಂತೆ ಬರಲಿಲ್ಲ. ಅವಳು ತಂತಿಯಿಂದ ಕೈ ಎತ್ತದೆ ನನ್ನ ಮುಖವನ್ನೇ ನೋಡುತ್ತಾ ಕಾದಳು. "ಇನ್ನೊಂದು ಸಲ ನುಡಿಸಮ್ಮ" ಎಂದೆ.