ಪೈಲ್ವಾನರ ನಡುವೆ ಒಂದು ತಂಬಿಗೆ

ಐವತ್ತರ ದಶಕದ ಕೊನೆಯಲ್ಲಿ ಮ್ಯಾಟ್ರಿಕ್ ಓದಲೆಂದು ನಾನು ಮೂಡಲಗಿಯಿಂದ ಹುಕ್ಕೇರಿಗೆ, ಸೋದರತ್ತೆಯ ಮನೆಗೆ ಬಂದೆ. ತರಗತಿಯಲ್ಲಿ ಹುಡುಗಿ ಅಂತ ನಾನೊಬ್ಬಳೇ. ಬಾಗಿಲ ಬಾಜೂಕ ನನಗೊಂದು ಬೇರೆ ಬೆಂಚು. ಅಲ್ಲಿಂದ ನಾನು ಬಾಯಿ ಬಿಡುತ್ತಿದ್ದುದೇ ಅಪರೂಪ.

ಗೋಕಾಕದಿಂದ ಹೊಸದಾಗಿ ಬಂದಿದ್ದ ವಿಜ್ಞಾನದ ಸರ್ ಬಲಗಳನ್ನು ಗೆರೆ ಎಳೆದು ಕೂಡಿಸುವುದನ್ನು ಕಲಿಸುತ್ತಿದ್ದರು. ಬಲ ಹೆಚ್ಚಿದ್ದರೆ ಬಾಣ ಉದ್ದ, ಕಡಿಮೆಯಿದ್ದರೆ ಗಿಡ್ಡ. ಎಳೆತ ಯಾವ ಕಡೆಗೋ ಬಾಣದ ಮೂತಿಯೂ ಆ ಕಡೆಗೆ. ಮೊದಲನೆಯದು ಮುಗಿದಲ್ಲಿಂದ ಎರಡನೆಯದನ್ನು ಶುರು ಮಾಡಬೇಕು. ಹೊರಟ ಜಾಗದಿಂದ ಕೊನೆಗೆ ಮುಟ್ಟಿದ ಜಾಗಕ್ಕೆ ಎಳೆದ ಗೆರೆಯೇ ಎರಡೂ ಕೂಡಿದ ಬಲ.

ಒಂದು ದಿನ ಸರ್ ನನ್ನನ್ನು ಬೋರ್ಡಿಗೆ ಕರೆದರು. ಹಗ್ಗದ ಎರಡು ತುದಿ ಹಿಡಿದು ಇಬ್ಬರು ಜಗ್ಗುತ್ತಾರೆ, ನಡುವೆ ಭಾರ ತೂಗಿ ಹಗ್ಗ ತುಸುವೇ ಬಾಗಿದೆ. ಇಬ್ಬರೂ ಕೂಡಿ ಎಷ್ಟು ಭಾರ ಹೊತ್ತಾರು? ನಾನು ಬಲಗಡೆಗೆ, ತುಸುವೇ ಮೇಲಕ್ಕೆ ಓರೆಯಾಗಿ, ಒಂದು ಮಾರುದ್ದದ ಬಾಣ ಎಳೆದೆ. ಅದರ ತುದಿಯಿಂದ ಅಷ್ಟೇ ಉದ್ದದ, ಅಷ್ಟೇ ಓರೆಯ ಇನ್ನೊಂದನ್ನು ಎಡಗಡೆಗೆ ತಿರುಗಿಸಿದೆ. ಕೊನೆಗೆ ಭಾರ ಎತ್ತಲು ಮೇಲ್ಮುಖವಾಗಿ ಉಳಿದದ್ದು ಬೆರಳುದ್ದದ ಗೆರೆ.

ಹಿಂದಿನ ಬೆಂಚಿನಲ್ಲಿ ಯಮಕನಮರಡಿಯ ಅಣ್ಣತಮ್ಮಂದಿರಿಬ್ಬರು ಕೂಡುತ್ತಿದ್ದರು. ಗರಡಿಯಲ್ಲಿ ಬೆಳೆದ ಮೈ. ಅವರು ಕೂತರೆ ಬೆಂಚು ನರಳುತ್ತಿತ್ತು. ಅಣ್ಣ ಎದ್ದು ನಿಂತ.

"ಸರ್ರ, ನಾವಿಬ್ಬರೂ ಕೂಡಿ ಜಗ್ಗಿದ್ರ ಬರೇ ಇಷ್ಟ ಏನ್ರಿ? ಈಕಿ ಗೆರಿ ತಪ್ಪ ಎಳದಾಳ್ರಿ!"

ತರಗತಿಯೆಲ್ಲ ನಕ್ಕಿತು. ನನಗೆ ಸಿಟ್ಟು ಬಂತು.

"ತಪ್ಪಿಲ್ಲ. ಬೇಕಾದ್ರ ಹಗ್ಗ ತಂದು ನೋಡ್ರಿ."

ಸರ್ ಸೀಮೆಸುಣ್ಣ ಕೆಳಗಿಟ್ಟರು. "ನಡೀರಿ ಹೊರಗ."

ಬಾವಿಯ ಹಳೆಯ ಹಗ್ಗ ಬಂತು. ನಡುವೆ ನೀರು ತುಂಬಿದ ತಂಬಿಗೆ ಕಟ್ಟಿದೆ. "ಹಗ್ಗ ಪೂರಾ ನೆಟ್ಟಗಾಗಬೇಕು," ಅಂದರು ಸರ್. ಅಣ್ಣತಮ್ಮಂದಿರು ಜಗ್ಗಿದರು. ತಂಬಿಗೆ ಸರಾಗವಾಗಿ ಮೇಲೇರಿ ಕೊನೆಗೆ ಒಂದಿಷ್ಟು ಬಾಕಿಯಿರುವಾಗ ಹಟ ಹಿಡಿದು ನಿಂತಿತು. ಹಗ್ಗ ನೆಟ್ಟಗಾದಷ್ಟೂ ಮೇಲೆತ್ತುವ ಗೆರೆ ಗಿಡ್ಡವಾಗುತ್ತದಲ್ಲ. ಇಬ್ಬರ ಮುಖವೂ ಕೆಂಪು ಮೆಣಸಿನಕಾಯಿ.

"ಜಗ್ಗಲೇ!"

"ಜಗ್ಗಾಕತ್ತೇನಲ್ಲೋ, ನೀ ಜಗ್ಗು!"

ನಾನು ಹತ್ತಿರ ಹೋಗಿ ಹಗ್ಗದ ನಡುವೆ ಒಂದೇ ಬೆರಳಿನಿಂದ ಒತ್ತಿದೆ. ಹಗ್ಗ ಬಾಗಿತು, ಪೈಲ್ವಾನರಿಬ್ಬರೂ ಒಂದೊಂದು ಹೆಜ್ಜೆ ಮುಂದೆ ಬಂದರು. ಈಗ ಹುಡುಗರ ನಗೆ ಅವರ ಕಡೆಗೆ ತಿರುಗಿತು.

ಗದ್ದಲ ಕೇಳಿ ಹೆಡ್ ಮಾಸ್ತರರು ಹೊರಬಂದರು. "ಏನ್ ನಡದೈತ್ರಿ ಇಲ್ಲೆ?"

"ಪಾಠ ನಡದೈತ್ರಿ," ಅಂದರು ಸರ್.

ವಿಷಯ ಕೇಳಿದ ಹೆಡ್ ಮಾಸ್ತರರಿಗೂ ನಂಬಿಕೆ ಬರಲಿಲ್ಲ. ಕೋಟು ಬಿಚ್ಚಿ ಸರ್ ಕೈಗೆ ಕೊಟ್ಟು ತಮ್ಮನ ಹಿಂದೆ ನಿಂತು ಹಗ್ಗ ಹಿಡಿದೇಬಿಟ್ಟರು. ಅಣ್ಣನ ಹಿಂದೆ ನಾಲ್ಕಾರು ಹುಡುಗರು ಸೇರಿದರು. ಹಗ್ಗ ಇನ್ನೇನು ನೆಟ್ಟಗಾಯಿತು ಅನ್ನುವಷ್ಟರಲ್ಲಿ ಫಟ್ಟನೆ ಹರಿಯಿತು. ಅವರು ಅತ್ತ ಅಂಗಾತ, ಇವರು ಇತ್ತ ಅಂಗಾತ. ತಂಬಿಗೆಯ ನೀರು ನನ್ನ ಮೇಲೆ.

ಹೆಡ್ ಮಾಸ್ತರರು ಧೋತರದ ಧೂಳು ಝಾಡಿಸಿಕೊಂಡು, ನಗು ತಡೆಯಲು ಹೆಣಗುತ್ತ, "ಖರೆ ಐತಿ ಬಿಡ್ರಿ. ಇನ್ನ ಮ್ಯಾಲೆ ಇದನ್ನ ಬೋರ್ಡಿನ ಮ್ಯಾಲಷ್ಟ ಮಾಡ್ರಿ," ಅಂದರು.

ಮರುದಿನ ಪೈಲ್ವಾನ ಅಣ್ಣ ನನ್ನ ಬೆಂಚಿನ ಮುಂದೆ ಬಂದು ನಿಂತ. ನನಗಿಂತ ದೊಡ್ಡವನು, ಆದರೂ ಮೆಲ್ಲಗೆ ಕೇಳಿದ: "ಅಕ್ಕಾರ, ಆ ಸಣ್ಣ ಗೆರಿ ಹೆಂಗ ಬಂತು, ಇನ್ನೊಮ್ಮೆ ತೋರಸ್ರಿ."

ಆ ವರ್ಷವೆಲ್ಲ ಇಬ್ಬರಿಗೂ ನಾನೇ ಬಾಣ ಎಳೆಯುವುದನ್ನು ಕಲಿಸಿದೆ. ಇಬ್ಬರೂ ಪಾಸಾದರು. ತಮ್ಮ ಮಾತ್ರ ಹಿಡಿದ ಪೆನ್ಸಿಲನ್ನೆಲ್ಲ ಮುರಿಯುತ್ತಿದ್ದ.