ಉಪ್ಪಿನ ಹರಳಿಗೂ ರಾಗಿ ಕಾಳಿಗೂ ನಡುವೆ

ಅವರ ಎರಡೂ ಕೆನ್ನೆಗಳ ಮೇಲೆ ಸಿಡುಬಿನ ಕುಳಿಗಳಿದ್ದವು. ದಿನವಿಡೀ ಕಪ್ಪುಹಲಗೆಯ ಮುಂದೆ ನಿಂತು ಪಾಠ ಮಾಡಿದ ಮೇಲೆ ಸೀಮೆಸುಣ್ಣದ ಪುಡಿ ಆ ಕುಳಿಗಳಲ್ಲಿ ಕೂತಿರುತ್ತಿತ್ತು. ಸಂಜೆಯ ರೈಲಿನಲ್ಲಿ ಎದುರು ಕೂತು ನೋಡಿದರೆ ಯಾರೋ ಮುಖಕ್ಕೆ ಹಿಟ್ಟು ಚಿಮುಕಿಸಿದಂತೆ ಕಾಣುತ್ತಿತ್ತು. ಒರೆಸಿಕೊಳ್ಳಿ ಎಂದರೆ, "ಇರಲಿ ಬಿಡು ಮಾರಾಯ್ತಿ, ಈ ಮುಖಕ್ಕೆ ಪೌಡರ್ ಕೊಡಿಸೋರು ಯಾರಿದ್ದಾರೆ?" ಎಂದು ನಗುತ್ತಿದ್ದರು. ಆ ಕುಳಿಗಳನ್ನು ಕಂಡು ವರಗಳು ಉಪ್ಪಿಟ್ಟು ತಿಂದು ಎದ್ದುಹೋದ ಕಥೆಯನ್ನೂ ಅಷ್ಟೇ ಹಗುರವಾಗಿ ಹೇಳುತ್ತಿದ್ದರು. ನನಗದು ಹಗುರವೆನಿಸುತ್ತಿರಲಿಲ್ಲ. ಹೆಣ್ಣಿನ ಚರ್ಮವನ್ನು ಪರೀಕ್ಷಿಸಿ ಆಕೆಯ ಬಾಳಿಗೆ ಬೆಲೆ ಕಟ್ಟುವುದು ಅನ್ಯಾಯ. ಆಗಲೂ ಹಾಗೆಂದಿದ್ದೆ, ಈಗಲೂ ಹಾಗೇ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳವು. ನಾವಿಬ್ಬರೂ ಶಿವಮೊಗ್ಗದಲ್ಲಿ ವಾಸವಿದ್ದು, ಭದ್ರಾವತಿಯ ನ್ಯೂ ಟೌನಿನ ಒಂದು ಪ್ರೌಢಶಾಲೆಗೆ ದಿನವೂ ಹೋಗಿಬರುತ್ತಿದ್ದೆವು. ಅವರು ವಿಜ್ಞಾನದ ಹಿರಿಯ ಅಧ್ಯಾಪಕಿ. ನಾನು ಸಮಾಜ ಪಾಠ ಹೇಳಲು ಹೊಸದಾಗಿ ಸೇರಿದವಳು. ಮಕ್ಕಳಿಗೆ ಅವರು ಸೈನ್ಸ್ ಟೀಚರ್, ನನಗೆ ಅಕ್ಕ.

ಅವರ ಒಂದು ಪಾಠವನ್ನು ಕಿಟಕಿಯಾಚೆ ನಿಂತು ಎಷ್ಟು ಸಲ ಕೇಳಿದ್ದೇನೋ. ಮೇಜಿನ ಒಂದು ತುದಿಯಲ್ಲಿ ಉಪ್ಪಿನ ಹರಳು, ಇನ್ನೊಂದು ತುದಿಯಲ್ಲಿ ರಾಗಿ ಕಾಳು ಇಡುತ್ತಿದ್ದರು. "ಈ ರಾಗಿ ಉಣ್ಣುತ್ತಾ? ಓಡಾಡುತ್ತಾ? ಮತ್ತೆ ಜೀವ ಇದೆ ಅಂತ ಹೇಗೆ ಹೇಳ್ತೀರಿ?" ನೀರು ಬಿದ್ದರೆ ಮೊಳೆಯುತ್ತದೆ ಎಂದು ಮಕ್ಕಳು ಕೂಗುತ್ತಿದ್ದರು. ಆಗ ಖಾಲಿ ಬೆಂಕಿಪೆಟ್ಟಿಗೆಯೊಂದನ್ನು ಎತ್ತಿ ಹಿಡಿದು, "ಇದರೊಳಗೆ ವೈರಸ್ ಇದೆ ಅಂದುಕೊಳ್ಳಿ. ಇದು ನೀರು ಹಾಕಿದರೆ ಮೊಳೆಯೋದಿಲ್ಲ. ಉಸಿರಾಡೋದಿಲ್ಲ. ಹೊಗೆಸೊಪ್ಪಿನ ಗಿಡಕ್ಕೆ ರೋಗ ತರೋ ಒಂದು ವೈರಸ್ಸನ್ನ ಉಪ್ಪಿನ ಹಾಗೇ ಹರಳು ಮಾಡಿದ್ದಾರೆ. ಆದರೆ ಆ ಹರಳನ್ನ ಕರಗಿಸಿ ಹಸಿ ಎಲೆಗೆ ಉಜ್ಜಿದರೆ, ಎಲೆಯೊಳಗೆ ಒಂದು ಸಾವಿರವಾಗುತ್ತೆ. ಎಲ್ಲಿ ಇಡಲಿ ಇದನ್ನ?" ಎನ್ನುತ್ತಿದ್ದರು. ಉಪ್ಪಿನ ಕಡೆ, ರಾಗಿ ಕಡೆ ಎಂದು ತರಗತಿ ಇಬ್ಭಾಗವಾಗುತ್ತಿತ್ತು. ಗದ್ದಲ ಏರುತ್ತಿದ್ದಂತೆ ಅವರ ಕಣ್ಣು ಅರಳುತ್ತಿತ್ತು. ಗಂಟೆ ಹೊಡೆದಾಗ ಬೆಂಕಿಪೆಟ್ಟಿಗೆ ಮೇಜಿನ ನಡುವೆಯೇ ಉಳಿದಿರುತ್ತಿತ್ತು.

"ಅಕ್ಕಾ, ಪುಸ್ತಕದಲ್ಲಿ ಇರೋದನ್ನ ಹೇಳಿ ಮುಗಿಸಬಾರದಾ?" ಎಂದು ಒಮ್ಮೆ ರೈಲಿನಲ್ಲಿ ಕೇಳಿದೆ.

"ಪುಸ್ತಕದಲ್ಲಿ ವೈರಸ್ಸಿಗೆ ಇರೋದು ನಾಲ್ಕು ಸಾಲು. ಅದರಲ್ಲಿ ಕೊನೇ ಸಾಲು ಮೊದಲನೇ ಸಾಲಿನ ಜೊತೆ ಜಗಳ ಆಡುತ್ತೆ."

"ನಿಮಗೆ ಏನನ್ನಿಸುತ್ತೆ?"

"ಬೆಳಿಗ್ಗೆ ಒಂದು, ಸಂಜೆ ಒಂದು," ಎಂದರು.

ಈ ಪ್ರಶ್ನೆ ತರಗತಿಯ ಹೊರಗೆ ಬಂದು ಒಂದು ಮನೆಯನ್ನೇ ಅಲುಗಿಸಿದ್ದು ಒಂದು ಚಳಿಗಾಲದಲ್ಲಿ.

ಶಾಲೆಯ ಕಸ ಗುಡಿಸುವ ಹೆಂಗಸು ತನ್ನ ಏಳೆಂಟು ವರ್ಷದ ಮಗಳೊಡನೆ ಶಾಲೆಯ ಹಿಂದಿನ ಶೆಡ್ಡಿನಲ್ಲಿದ್ದಳು. ಆ ವರ್ಷದ ಬೇಸಿಗೆಯಲ್ಲಿ ಶಾಲೆಯ ಎದುರುಮನೆಯ ಗುಮಾಸ್ತರ ಮಗನಿಗೆ ಸಿಡುಬು ಬಂದಿತ್ತು. ಅದೂ ವೈರಸ್ಸಿನಿಂದ ಬರುವ ರೋಗವೇ; ಜನರ ಬಾಯಲ್ಲಿ ಮಾತ್ರ 'ಅಮ್ಮ'. ಹುಡುಗ ಗುಣವಾಗಿ ತಲೆಗೆ ನೀರು ಹಾಕಿದ ದಿನ, ಅವನು ಮಲಗಿದ್ದ ದುಪ್ಪಟಿಯನ್ನು ಅಕ್ಕಿ ಬೆಲ್ಲದೊಡನೆ ಈ ಹೆಂಗಸಿಗೆ ಕೊಟ್ಟರು. ಆ ಬೀದಿಯ ಪದ್ಧತಿ ಅದು: ಅಮ್ಮನ ಬಟ್ಟೆಯನ್ನು ಮನೆಯವರು ಒಗೆಯಬಾರದು, 'ಕೆಳಗಿನವರಿಗೆ' ಕೊಡಬೇಕು, ಪಡೆದವರು ಅಂದೇ ಹೊದೆಯಬೇಕು. ರೋಗವನ್ನು ಬಡವರ ಮೈಮೇಲೆ ದಾಟಿಸಿ, ದಾನವೆಂದು ಹೆಸರಿಡುವ ಪದ್ಧತಿ. ಇದಕ್ಕೆ ಬೇರೆ ಹೆಸರಿಲ್ಲ, ಇದು ಅಸ್ಪೃಶ್ಯತೆ. ಆ ತಾಯಿ ಮಾತ್ರ ಅಂಥ ಒಳ್ಳೆಯ ದುಪ್ಪಟಿ ಹಾಳಾಗಬಾರದೆಂದು ತಗಡಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟಳು. ಚಳಿ ಬಿದ್ದಾಗ ತೆಗೆದು ಮಗಳಿಗೆ ಹೊದಿಸಿದಳು. ಕೆಲವು ದಿನಗಳಲ್ಲಿ ಮಗುವಿನ ಮೈತುಂಬ ಬೊಕ್ಕೆ ಎದ್ದವು.

ಸುದ್ದಿ ಹರಡಿದ ಬೆಳಿಗ್ಗೆ ಗುಮಾಸ್ತರು ನೆರೆಯವರನ್ನು ಕಟ್ಟಿಕೊಂಡು ಶಾಲೆಯ ಅಂಗಳಕ್ಕೆ ಬಂದರು. "ಅಮ್ಮನಿಗೆ ಅಂತ ಬಿಟ್ಟದ್ದನ್ನ ಪೆಟ್ಟಿಗೇಲಿ ಬಚ್ಚಿಡ್ತಾರೇನ್ರೀ? ತಾಯಿ ಮುನಿದಿದ್ದಾಳೆ. ಇವಳನ್ನ ಕೆಲಸದಿಂದ ತೆಗೀರಿ. ಇವತ್ತೇ ಶೆಡ್ಡು ಖಾಲಿ ಮಾಡಿಸಿ." ಹೆಡ್‌ಮಾಸ್ಟರು ತಲೆಯಾಡಿಸಿದರು. ಬೊಕ್ಕೆಯಾದ ಮಗುವನ್ನು ಹೊತ್ತು ಆ ತಾಯಿ ಚಳಿಯಲ್ಲಿ ಎಲ್ಲಿಗೆ ಹೋಗಬೇಕೆಂದು ಯಾರೂ ಕೇಳಲಿಲ್ಲ.

ಅಕ್ಕ ಕೇಳಿದ್ದು ಅವಳನ್ನು. "ಮಗೂಗೆ ಲಸಿಕೆ ಹಾಕಿಸಿರಲಿಲ್ವಾ, ದಾಕು?"

"ಆ ಹುಡುಗನಿಗೆ ಅಮ್ಮ ಬಂದ ಮೇಲೆ ದಾಕು ಹಾಕೋನು ಬಂದು ಅವರ ಮನೆ ಜಗಲಿ ಮೇಲೆ ಕೂತಿದ್ದ ಟೀಚರಮ್ಮ. ನಾವು ಜಗಲಿ ಹತ್ತೋಕಾಗುತ್ತಾ?"

ನನ್ನ ಮೈ ಉರಿಯಿತು. ಅಕ್ಕ ಮಾತ್ರ ಗುಮಾಸ್ತರ ಕಡೆ ತಿರುಗಿ ಮೆಲ್ಲಗೆ, "ಮುನಿಯೋದಕ್ಕೆ ಜೀವ ಬೇಕಲ್ಲ ರಾಯರೇ?" ಎಂದರು.

ಗುಮಾಸ್ತರು ಬಿಡುವವರಲ್ಲ. "ಜೀವ ಇಲ್ದೇ ಹೋದ್ರೆ ಒಬ್ಬರಿಂದ ಒಬ್ಬರಿಗೆ ಹಬ್ಬುತ್ತಾ? ನನ್ನ ಮಗಳು ನಿಮ್ಮ ಕ್ಲಾಸಲ್ಲೇ ಇರೋದು. ಜೀವ ಇದೆ ಅಂತ ಒಂದಿನ, ಇಲ್ಲ ಅಂತ ಒಂದಿನ ಪಾಠ ಮಾಡ್ತೀರಂತೆ. ಇವತ್ತು ಯಾವ ದಿನ, ಹೇಳಿಬಿಡಿ ಟೀಚರೇ!"

ಜನ ನಕ್ಕರು. ನಾನು ಅಕ್ಕನ ಕಿವಿಯಲ್ಲಿ, "ಜೀವ ಇಲ್ಲ ಅಂದುಬಿಡಿ. ಮುಗೀತು," ಎಂದೆ. ಆ ಒಂದು ಮಾತಿಗೆ ಆ ತಾಯಿಯ ಸೂರು ಉಳಿಯುತ್ತಿತ್ತೆಂದು ನಾನು ನಂಬಿದ್ದೆ.

"ನನಗೆ ಗೊತ್ತಿಲ್ಲ," ಎಂದರು ಅಕ್ಕ.

"ಕೇಳಿದ್ರಾ? ಸೈನ್ಸ್ ಟೀಚರ್‌ಗೇ ಗೊತ್ತಿಲ್ವಂತೆ!" ಎಂದು ಯಾರೋ ಕೂಗಿದರು.

"ಹೌದು, ಗೊತ್ತಿಲ್ಲ. ದೊಡ್ಡ ದೊಡ್ಡವರೂ ಇನ್ನೂ ವಾದ ಮಾಡ್ತಿದ್ದಾರೆ. ಗೊತ್ತಿರೋದನ್ನ ಹೇಳ್ತೀನಿ, ಕೇಳಿ. ಒಣಗಿದ ಬೊಕ್ಕೆಯ ಹಕ್ಕಳೆ ಬಟ್ಟೆ ಮಡಿಕೆಯಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಕೂತಿರಬಹುದು. ಹಸಿವಿಲ್ಲ, ಉಸಿರಿಲ್ಲ, ಒಂದು ಚಿಟಿಕೆ ಧೂಳು. ಇನ್ನೊಂದು ಮೈ ಸಿಕ್ಕಿದರೆ ಅಲ್ಲಿ ಹೆಚ್ಚುತ್ತೆ. ಅದಕ್ಕೆ ಕಣ್ಣಿಲ್ಲ. ದುಪ್ಪಟೀನ ಯಾರು ಹೊದ್ದರು, ಯಾರು ಮಡಿಸಿಟ್ಟರು ಅಂತ ಅದು ನೋಡೋದಿಲ್ಲ. ಸಿಟ್ಟು ಅಂತಲೇ ಇಟ್ಟುಕೊಳ್ಳೋಣ ರಾಯರೇ, ಆ ಸಿಟ್ಟು ಮೊದಲು ಬಂದದ್ದು ನಿಮ್ಮ ಮನೆಗೆ. ಆಗ ನಿಮ್ಮನ್ನ ಯಾರಾದರೂ ಊರು ಬಿಡಿಸಿದರಾ?"

ಗುಮಾಸ್ತರು ಬಾಯಿ ತೆರೆಯುವ ಮೊದಲೇ ಅವರ ಹಿಂದಿನಿಂದ ಅವರ ಹೆಂಡತಿ ಮುಂದೆ ಬಂದರು. ಆಕೆ ಬೀದಿಯಲ್ಲಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಆ ದುಪ್ಪಟಿ ಕೊಟ್ಟೋಳು ನಾನು. ಬಿಸಿನೀರಿಗೆ ಹಾಕ್ತೀನಿ ಅಂದೆ, ಒಗೀಬಾರದು ಅಂದ್ರು ಅತ್ತೆ. ಹಾಗೇ ಕೊಟ್ಟೆ." ಆಮೇಲೆ ಗಂಡನ ಮುಖ ನೋಡದೆ, "ಕಳಿಸೋದಾದ್ರೆ ನನ್ನನ್ನೂ ಕಳಿಸಿ," ಎಂದರು.

ಹೆಡ್‌ಮಾಸ್ಟರು ಕೆಮ್ಮಿ, "ಮಗು ಗುಣ ಆಗೋವರೆಗೂ ಇರಲಿ," ಎಂದರು.

"ಆಮೇಲೂ ಇರಲಿ," ಎಂದರು ಅಕ್ಕ, ಅಷ್ಟೇ ಮೆಲ್ಲಗೆ.

ಒಮ್ಮೆ ಸಿಡುಬು ಬಂದವರಿಗೆ ಅದು ಮತ್ತೆ ಬರುವುದು ಅಪರೂಪವೆಂದು ಅವರು ತಾವೇ ಶೆಡ್ಡಿನಲ್ಲಿ ಮಗುವಿನ ಪಕ್ಕ ಕೂತರು. ದುಪ್ಪಟಿಯನ್ನು ಸುಟ್ಟು, ತಮ್ಮ ಮನೆಯ ಕಂಬಳಿ ತಂದು ಹೊದಿಸಿದರು. ಲಸಿಕೆ ಹಾಕುವವನನ್ನು ಕರೆಸಿ, ಜಗಲಿಯ ಮೇಲಲ್ಲ, ಶಾಲೆಯ ಅಂಗಳದ ನೆಲದ ಮೇಲೆ ಕೂರಿಸಿದರು. ಮೊದಲು ಶೆಡ್ಡಿನ ತಾಯಿ ತೋಳು ಚಾಚಿದಳು, ಅವಳ ಹಿಂದೆ ಗುಮಾಸ್ತರ ಹೆಂಡತಿ ಸಾಲಿನಲ್ಲಿ ನಿಂತರು. ಮಗು ಉಳಿಯಿತು. ಎಡಗಣ್ಣು ಉಳಿಯಲಿಲ್ಲ. ಆ ಕಣ್ಣು ಕಳೆದದ್ದು ದೇವರ ಮುನಿಸಿನಿಂದಲ್ಲ, ಒಂದು ಜಗಲಿಯಿಂದ ಎಂದು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ.

"ಆವತ್ತು ಸುಳ್ಳು ಹೇಳಿದ್ರೆ ಏನಾಗ್ತಿತ್ತು ಅಕ್ಕಾ?" ಎಂದು ಒಮ್ಮೆ ಕೇಳಿದ್ದೆ.

"ನಾಳೆ ಯಾರಾದರೂ ಜೀವ ಇದೆ ಅಂತ ತೋರಿಸಿಕೊಟ್ಟರೆ, ಆಗ ಅವಳನ್ನ ಓಡಿಸಬಹುದಾ? ಅವಳ ಮನೆ ಈ ಪ್ರಶ್ನೆ ಮೇಲೆ ನಿಲ್ಲಬಾರದು ಕಣೆ."

ಆ ದಶಕ ಮುಗಿಯುವ ಮುನ್ನ ಅಕ್ಕ ತೀರಿಕೊಂಡರು. ಹೃದಯದ ಕಾಯಿಲೆಯನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು. ಹೊಸ ವಿಜ್ಞಾನದ ಅಧ್ಯಾಪಕರು ಬರುವವರೆಗೆ ಅವರ ತರಗತಿಯನ್ನು ನನಗೆ ವಹಿಸಿದರು. ನಾನು ಪುಸ್ತಕ ತೆರೆದು ಆ ನಾಲ್ಕು ಸಾಲುಗಳನ್ನು ಓದಿದೆ. ಕಿಟಕಿಯ ಪಕ್ಕದ ಬೆಂಚಿನಿಂದ ಶೆಡ್ಡಿನ ಹುಡುಗಿ ಎದ್ದು ನಿಂತಳು. ಈಗ ಅವಳು ಪ್ರೌಢಶಾಲೆಯ ವಿದ್ಯಾರ್ಥಿನಿ.

"ಟೀಚರ್, ನನ್ನ ಕಣ್ಣು ತಗೊಂಡದ್ದಕ್ಕೆ ಜೀವ ಇತ್ತಾ, ಇಲ್ವಾ?"

ಅನ್ಯಾಯದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ನನಗೆ, ಸಂದೇಹವನ್ನು ಎದುರಿಟ್ಟುಕೊಂಡು ನಿಲ್ಲುವುದು ಹೊಸದು.

"ನನಗೆ ಗೊತ್ತಿಲ್ಲ ಕಣಮ್ಮ," ಎಂದೆ. "ಏನು ಕಂಡರೆ ಇದೆ ಅಂತೀಯ, ಏನು ಕಂಡರೆ ಇಲ್ಲ ಅಂತೀಯ? ಮೊದಲು ಅದನ್ನ ಹೇಳು."

ಅವಳು ಬೆಂಚು ಬಿಟ್ಟು ಕಪ್ಪುಹಲಗೆಯ ಬಳಿ ಬಂದು ಸೀಮೆಸುಣ್ಣಕ್ಕೆ ಕೈ ಚಾಚಿದಳು. ನಾನು ಕೊಟ್ಟು, ಪಕ್ಕಕ್ಕೆ ಸರಿದು ನಿಂತೆ.